ಮೆಟ್ಟಿಲ ಕೆಳಗಿನ ಎಲೆ

"ದೂರ ನಿಲ್ಲು ಬೇವರ್ಸಿ. ಗಾಳಿ ನಿನ್ನ ಕಡೆಯಿಂದ ಬರ್ತಾ ಉಂಟು, ಗೊತ್ತಾಗುದಿಲ್ವಾ?"

ಗಾಳಿ ನನ್ನನ್ನು ಕೇಳಿ ಬೀಸುತ್ತದೆಯೇ? ಆದರೂ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಪಟೇಲ ಮೇದಪ್ಪ ಧಣಿ ಚಾವಡಿಯಿಂದ ಹಳೆ ಬಟ್ಟೆಯ ಮೂಟೆಯೊಂದನ್ನು ಎಸೆದರು. ಅದು ಕೆಸರಿಗೆ ಬಿತ್ತು. ಧರ್ಮಕ್ಕೆ ಸಿಕ್ಕಿದ್ದು, ಎರಡು ಕೈಯಲ್ಲಿ ತೆಗೆದುಕೋ ಎಂದರು. ತೆಗೆದುಕೊಂಡೆ.

ಕುಮಾರಧಾರೆ ಹೊಳೆ ಉಕ್ಕಿ ನಮ್ಮ ಆರು ಗುಡಿಸಲುಗಳನ್ನೂ ಎಳೆದುಕೊಂಡು ಹೋಗಿ ಅಂದಿಗೆ ಐದನೆಯ ದಿನ. ಜಿಲ್ಲೆ ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು, ಕಾಲ ಬದಲಾಗಿದೆ ಎನ್ನುತ್ತಿದ್ದರು. ನೆರೆಯಲ್ಲಿ ಮನೆ ಕಳೆದುಕೊಂಡ ಉಳಿದವರಿಗೆ ಶಾಲೆಯ ಕೋಣೆ, ನಮಗೆ ಅದರ ಹಿಂದಿನ ಸೌದೆ ಕೊಟ್ಟಿಗೆ. ಅಲ್ಲಿ ನನ್ನ ಎರಡು ವರ್ಷದ ಮಗಳು ಜ್ವರದಲ್ಲಿ ನಡುಗುತ್ತಿದ್ದಳು. ಹೊದಿಸಲು ಅವಳ ತಾಯಿ ಚೆನ್ನುವಿನ ಒದ್ದೆ ಸೆರಗು ಬಿಟ್ಟರೆ ಬೇರೇನೂ ಇರಲಿಲ್ಲ.

ಕಂಬಳಿ ಬಂದಿರಲಿಲ್ಲ ಎಂದಲ್ಲ. ಪುತ್ತೂರಿನ ಬಟ್ಟೆ ವ್ಯಾಪಾರಿ ಪೋಕರ್ ಸಾಹೇಬರು ನೆರೆಯ ಸುದ್ದಿ ಕೇಳಿ ಗಾಡಿ ತುಂಬ ಹೊಸ ಕಂಬಳಿ ಕಳಿಸಿದ್ದರು. ಅವರನ್ನು ನಾವು ಕಂಡವರಲ್ಲ, ನಮ್ಮನ್ನು ಅವರು ಕಂಡವರಲ್ಲ. ಗಾಡಿ ಹೊಡೆದು ತಂದ ಅಲಿ ಕುಂಞಿ ಕೊಟ್ಟಿಗೆಯ ಬಾಗಿಲಿಗೇ ಬಂದು, ಒಲೆಗೊಂದರಂತೆ ಪಟೇಲರ ಮನೆಯಲ್ಲಿ ಇಳಿಸಿದ್ದೇನೆ, ಹೋಗಿ ತೆಗೆದುಕೊಳ್ಳಿ ಎಂದು ಹೇಳಿಹೋಗಿದ್ದ. ಕಂಬಳಿಗಳು ಧಣಿಯ ಭತ್ತದ ಕೋಣೆ ಸೇರಿದವು. ಕೇಳಲು ಹೋದ ನನಗೆ ಸಿಕ್ಕಿದ್ದು ಈ ಮೂಟೆ.

ಚೆನ್ನು ಅದನ್ನು ಬಿಚ್ಚಿದಳು. ಹರಿದ ಪಂಚೆಗಳ ಅಡಿಯಲ್ಲಿ ಒಂದು ಹಸಿರು ಸೀರೆ, ಒಳಗಿದ್ದುದರಿಂದ ಒಣಗಿಯೇ ಇತ್ತು. ಅವಳ ಮುಖ ಅರಳಿತು. ಮಗುವಿಗೆ ಸುತ್ತಲು ಎತ್ತಿದಾಗ ನಾನು ಅವಳ ಕೈ ಹಿಡಿದೆ. ಸೆರಗಿನಲ್ಲಿ ಗೇಣುದ್ದ ಕತ್ತಿಯ ಗಾಯವಿತ್ತು. ಅದನ್ನು ಮಾಡಿದವನು ನಾನೇ.

ಎರಡು ವರ್ಷದ ಹಿಂದೆ ಧಣಿಯ ಸೊಸೆ ದಮಯಂತಿಯ ಹೆಣ ಬಾವಿಯಲ್ಲಿ ಕಂಡಾಗ ಇಳಿಯಲು ನನ್ನನ್ನೇ ಕರೆದದ್ದು. ಅಂದು ಗಾಳಿಯ ಮಾತು ಬರಲಿಲ್ಲ. ಅವಳ ಎರಡು ಕೈಗಳನ್ನೂ ಅವಳದೇ ಸೆರಗಿನಿಂದ ಕಟ್ಟಿದ್ದರು. ನೀರು ಕುಡಿದು ಬಿಗಿದ ಗಂಟನ್ನು ಕತ್ತಿಯಿಂದ ಕೊಯ್ದೆ. ಕಾಲು ಜಾರಿ ಬಿದ್ದದ್ದು ಎಂದು ಧಣಿ ಊರಿಗೆ ಹೇಳಿದರು. ನಾನು ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದು ಅಂದಿನಿಂದ ನನ್ನ ನಿದ್ದೆ ತಿನ್ನುತ್ತಲೇ ಇದೆ. ಹೆಣ ಮೀಯಿಸುವಾಗ ಬಿಚ್ಚಿದ ಸೀರೆಯನ್ನು ಮನೆಯವರು ಸುಡಲಿಕ್ಕೂ ಹೆದರಿ ಅಟ್ಟಕ್ಕೆ ಎಸೆದಿರಬೇಕು. ಹಳೆ ಬಟ್ಟೆ ತಾ ಎಂದಾಗ ಆಳು ಅದನ್ನೂ ಬಾಚಿ ತಂದಿದ್ದ.

ಎಲ್ಲವನ್ನೂ ಚೆನ್ನುವಿಗೆ ಹೇಳಿದೆ. ಅವಳು ಸೀರೆಯನ್ನು ಮಗುವಿನಿಂದ ದೂರ ಸರಿಸಿದಳು. ಮಗು ಕೆಮ್ಮಿತು.

"ಆ ಮನೆಯಲ್ಲಿ ಅವರಿಗೆ ಎಲೆ ಹಾಕಿದ್ದಾರಾ?" ಎಂದು ಕೇಳಿದಳು.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು ಬಾಳೆಲೆಯಲ್ಲಿ ಬಡಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಬಡಿಸದಿದ್ದರೆ ಸತ್ತವರ ಕುಲೆ, ಅಂದರೆ ಪ್ರೇತ, ಹಸಿದು ಅಲೆಯುತ್ತದೆ. ಬಡಿಸಿದ ಎಲೆಯನ್ನು ಯಾರೂ ದಾಟುವಂತಿಲ್ಲ, ಕರೆದ ಕುಲೆಯನ್ನು ಕಳಿಸುವ ತನಕ ತೆಗೆಯುವಂತೆಯೂ ಇಲ್ಲ. ಆ ಮನೆಯಲ್ಲಿ ದಮಯಂತಿಯ ಹೆಸರನ್ನೇ ಎತ್ತುವುದಿಲ್ಲ ಎಂದೆ. ಆಟಿ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಚೆನ್ನು ಮಗುವನ್ನು ನನ್ನ ತಾಯಿಯ ಮಡಿಲಲ್ಲಿ ಬಿಟ್ಟು ಹೊರಟಳು. ಆರು ಒಲೆಯವರೂ ಅವಳ ಹಿಂದೆ ನಡೆದೆವು. ಧಣಿಯ ಅಂಗಳದ ಮೆಟ್ಟಿಲ ಕೆಳಗೆ ಬಾಳೆಲೆ ಹಾಸಿ ಗಂಜಿಯ ಅಗುಳು ಬಡಿಸಿದಳು. ಕೊಯ್ದ ಸೆರಗು ಮೇಲೆ ಕಾಣುವಂತೆ ಸೀರೆಯನ್ನು ಮಡಚಿ ಪಕ್ಕದಲ್ಲಿಟ್ಟಳು.

"ದಮಯಂತಿ ಅಮ್ಮಾ, ಬನ್ನಿ. ನಿಮ್ಮ ಸೀರೆ ತಂದಿದ್ದೇನೆ. ಮನೆಯವರು ಕರೀಲಿಲ್ಲ, ನಾವು ಕರೀತೇವೆ. ಉಣ್ಣಿ."

ಧಣಿ ಹೊರಗೆ ಬಂದವರು ಎಲೆ ಕಂಡು ಮೇಲಿನ ಮೆಟ್ಟಿಲಲ್ಲೇ ನಿಂತರು.

"ರಂಡೆ, ಎಂತ ಮಾಡ್ತಿದ್ದಿ ನನ್ನ ಜಾಗೆಯಲ್ಲಿ? ಏ ಚನಿಯ, ತೆಗಿ ಅದನ್ನು. ಇಲ್ಲದಿದ್ರೆ ನಿನ್ನ ಚರ್ಮ ಸುಲೀತೇನೆ."

ಹಳೆಯ ಅಭ್ಯಾಸ, ನನ್ನ ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ಸೆರಗು ಕಂಡಿತು. ನಿಂತೆ.

"ಅದರ ಗಂಟು ಕೊಯ್ದವ ನಾನು ಧಣಿ. ಕೈ ಕಟ್ಟಿದ ಗಂಟು. ಇನ್ನು ನಾನು ಮುಟ್ಟುದಿಲ್ಲ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಧಣಿ ಚಾವಡಿಯ ಕಂಬ ಹಿಡಿದುಕೊಂಡರು. ಒಳಗೆ ಅವರ ಹೆಂಡತಿ ದುಗ್ಗಮ್ಮ ಅಳುವುದು ಕೇಳಿಸಿತು. ಚೆನ್ನು ಕೆಸರಲ್ಲೇ ಕುಳಿತು, ಪೋಕರ್ ಸಾಹೇಬರ ಕಂಬಳಿ ಬಾರದೆ ಏಳುವುದಿಲ್ಲ ಎಂದಳು. ಕೊನೆಗೆ ದುಗ್ಗಮ್ಮನೇ ಭತ್ತದ ಕೋಣೆಯ ಬೀಗ ತೆಗೆಸಿದರು. ಕಂಬಳಿಗಳನ್ನೂ ಅಂಗಳದ ಬದಿಯಿಂದ ಎಸೆದೇ ಕೊಟ್ಟರು. ಕೆಸರಿಗೆ ಬೀಳಲು ಬಿಡದೆ ಹಿಡಿದುಕೊಂಡೆವು.

"ಸಿಕ್ಕಿತಲ್ಲ. ಇನ್ನು ಎಲೆ ತೆಗಿ, ಚೆನ್ನು," ಎಂದರು ಧಣಿ. ಅವರ ಬಾಯಲ್ಲಿ ಅವಳ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಚೆನ್ನು ಕಂಬಳಿಯನ್ನು ಎದೆಗೆ ಒತ್ತಿಕೊಂಡು ಎದ್ದಳು.

"ಕರೆಯುದು ಮಾತ್ರ ನಮಗೆ ಗೊತ್ತುಂಟು ಧಣಿ. ಕಳಿಸುದು ಮನೆಯವರ ಕೆಲಸ."

ಆ ಕಂಬಳಿಯೊಳಗೆ ಮಗಳು ಬೆವರಿದಳು, ಜ್ವರ ಇಳಿಯಿತು. ಧಣಿಯ ಮನೆಯವರು ಮೂರು ದಿನ ದನದ ಹಟ್ಟಿಯ ಹಿಂದಿನಿಂದಲೇ ಓಡಾಡಿದರು. ಎಲೆಯನ್ನು ಆಳುಗಳೂ ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನು ದೂರದಿಂದ ನೋಡಿದೆ. ಎಲೆ ಖಾಲಿಯಾಗಿತ್ತು. ಪಕ್ಕದಲ್ಲಿಟ್ಟಿದ್ದ ಸೀರೆ ಎರಡು ಮೆಟ್ಟಿಲು ಮೇಲೆ ಬಿದ್ದಿತ್ತು. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು.