ಮುನ್ನೂರ ಎಂಬತ್ತೇಳನೆಯ ಮತ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸುಣ್ಣದೊಡ್ಡಿ ಗ್ರಾಮ ಪಂಚಾಯಿತಿಯ ಸರಪಂಚ ಸ್ಥಾನಕ್ಕೆ ನಿಂತಿದ್ದ ಇಬ್ಬರಿಗೂ ತಲಾ ಮುನ್ನೂರ ಎಂಬತ್ತಾರು ಮತಗಳು ಬಂದಿದ್ದವು. ಒಂದು ಚೀಟಿ ಉಳಿದಿತ್ತು.

ಶಾಲೆಯ ಐದನೇ ತರಗತಿಯ ಕೋಣೆಯಲ್ಲಿ ಎಣಿಕೆ ನಡೆದಿತ್ತು. ಗುಲಾಬಿ ಬಣ್ಣದ ಆ ಚೀಟಿ ಮೇಜಿನ ನಡುವೆ, ಸ್ಟೀಲಿನ ಅಡಿಪಟ್ಟಿಯ ಕೆಳಗೆ ಇತ್ತು. ಅದರಲ್ಲಿ ಉಂಗುರದ ಚಿತ್ರದ ಮೇಲೆ ಒಂದು ಸ್ವಸ್ತಿಕದ ಮುದ್ರೆ, ಕತ್ತರಿಯ ಚಿತ್ರದ ಮೇಲೆ ಇನ್ನೊಂದು. ಉಂಗುರ ಶ್ರೀವಲ್ಲಿಯ ಗುರುತು. ಕತ್ತರಿ ಶಿವಗಂಗಾಳ ಗುರುತು. ಇಬ್ಬರೂ ಎದುರುಬದುರು ಬೆಂಚುಗಳಲ್ಲಿ ಕುಳಿತಿದ್ದರು. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಚುನಾವಣಾಧಿಕಾರಿ ಸುಧೀಂದ್ರ ಮಕ್ತಲ್‌ನಲ್ಲಿ ಗಣಿತ ಕಲಿಸುವ ಹೆಡ್‌ಮಾಸ್ತರು. ಈ ಚೀಟಿಯನ್ನು ಅವರು ಮೊದಲೇ ಪಕ್ಕಕ್ಕೆ ಇಟ್ಟಿದ್ದರು. ಉಳಿದ ಕಟ್ಟುಗಳನ್ನು ಎರಡು ಸಲ ಎಣಿಸಿಯಾಗಿತ್ತು. ನೋಟಾ ಒಂಬತ್ತು, ತಿರಸ್ಕೃತ ಹದಿನಾಲ್ಕು. ಎರಡನೇ ಸಲವೂ ಒಂದಂಕಿ ಕದಲಿರಲಿಲ್ಲ.

"ಸಾರ್, ಕತ್ತರಿ ಮ್ಯಾಲ ಬಿದ್ದೈತಿ. ಇನ್ನೇನು ನೋಡ್ತೀರಿ, ಬರಕೋರಿ," ಎಂದ ಅಯ್ಯಣ್ಣ. ಅವನು ಶಿವಗಂಗಾಳ ಏಜೆಂಟ್, ಪಕ್ಕದ ಓಣಿಯವನು. ಇಪ್ಪತ್ತು ದಿನ ಅವಳ ಪ್ರಚಾರಕ್ಕೆ ತನ್ನ ಟ್ರ್ಯಾಕ್ಟರ್ ಓಡಿಸಿದ್ದ.

"ಉಂಗುರದ ಮ್ಯಾಲೂ ಐತಲ್ಲ. ಅದು ನಿನಗ ಕಾಣಂಗಿಲ್ಲೇನು?" ಎಂದ ಶ್ರೀವಲ್ಲಿಯ ಏಜೆಂಟ್ ನರಸಿಂಹುಲು.

"ಕಾಣತೈತಿ. ಅದು ಮಸಿ. ಇದು ಓಟು."

"ನಿಮ್ಮ ಕಡಿಗೆ ಬಿದ್ರ ಓಟು, ನಮ್ಮ ಕಡಿಗೆ ಬಿದ್ರ ಮಸಿ. ಛಲೋ ಲೆಕ್ಕ ಕಲತಿ ಭೈ. ಯಾವ ಸಾಲ್ಯಾಗ ಓದಿದಿ?"

"ಇದೇ ಸಾಲ್ಯಾಗ. ನಿನ್ನ ಹಿಂದಿನ ಬೆಂಚಿನ್ಯಾಗ. ನೀ ಫೇಲಾದಿ, ನಾ ಪಾಸಾದೆ."

ಬಾಗಿಲ ಬಳಿಯ ಕಾನ್‌ಸ್ಟೇಬಲ್ ನಕ್ಕ. ಸುಧೀಂದ್ರ ನಗಲಿಲ್ಲ. ಅವರು ಅಡಿಪಟ್ಟಿ ಎತ್ತಿದರು. ಎತ್ತಿದೊಡನೆ ಚೀಟಿ ಹಳೆಯ ಮಡಿಕೆಗಳಿಗೆ ತಾನಾಗಿ ಬಾಗಿ, ಅರ್ಧ ತ್ರಿಕೋನವಾಗಿ ಮೇಲೆದ್ದಿತು.

ಶಿವಗಂಗಾ ಅದನ್ನು ನೋಡಿದಳು.

ಮತಗಟ್ಟೆಯಲ್ಲಿ ಚೀಟಿಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ ಕೊಡುತ್ತಾರೆ. ಹಾಗೆಯೇ ಮಡಿಸಿ ಪೆಟ್ಟಿಗೆಗೆ ಹಾಕಿದರೆ ಒಂದು ಗುರುತಿನ ಮಸಿ ಇನ್ನೊಂದಕ್ಕೆ ತಾಗುವುದಿಲ್ಲ. ಇದನ್ನು ಹಾಕಿದವರು ಹಾಗೆ ಮಡಿಸಿರಲಿಲ್ಲ. ಮೂಲೆಗೆ ಮೂಲೆ ಕೂಡಿಸಿ, ಎರಡು ಕಿವಿ ಒಳಗೆ ತಳ್ಳಿ, ಉಳಿದ ಬಾಲವನ್ನು ಸಂದಿಗೆ ಸಿಕ್ಕಿಸಿದ್ದರು. ವಿಭೂತಿ ಪೊಟ್ಟಣದ ಮಡಿಕೆ ಅದು. ಸುಣ್ಣದೊಡ್ಡಿಯ ಆರು ಮನೆಗಳಲ್ಲಿ ಹೆಂಗಸರು ಪೊಟ್ಟಣ ಕಟ್ಟಿ ಮಕ್ತಲ್ ಪೇಟೆಗೆ ಕೊಡುತ್ತಾರೆ. ಕಾಗದ ಕೈಗೆ ಬಂದರೆ ಆ ಬೆರಳುಗಳಿಗೆ ಬೇರೆ ಮಡಿಕೆ ಬರುವುದಿಲ್ಲ.

ಆರೂ ಮನೆಗಳಲ್ಲಿ ಬಾಲವನ್ನು ಬಲಕ್ಕೆ ಸಿಕ್ಕಿಸುತ್ತಾರೆ. ಈ ಚೀಟಿಯ ಬಾಲ ಎಡಕ್ಕಿತ್ತು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈ ಹೆಬ್ಬೆರಳು ಸೆಟೆದುಕೊಂಡ ಮೇಲೆ ಎಡಕ್ಕೆ ಸಿಕ್ಕಿಸುವವಳು ಒಬ್ಬಳೇ. ಶಿವಗಂಗಾ ಹನ್ನೊಂದು ವರ್ಷ ಅವಳ ಪಕ್ಕದಲ್ಲಿ ಕುಳಿತು ಪೊಟ್ಟಣ ಕಟ್ಟಿದ್ದಳು. ಅವಳು ಶಿವಗಂಗಾಳ ಅತ್ತೆ, ಶಿವಬಸಮ್ಮ.

ಶಿವಗಂಗಾ ಗೆದ್ದೆ ಎಂದುಕೊಂಡಳು. ಇಷ್ಟು ಜನರಲ್ಲಿ ಆ ಚೀಟಿ ಯಾರಿಗೆ ಎಂದು ಗೊತ್ತಿದ್ದವಳು ತಾನೊಬ್ಬಳೇ. ಕತ್ತರಿಯ ಮೇಲಿನದು ಮುದ್ರೆ, ಉಂಗುರದ ಮೇಲಿನದು ಮಸಿ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅಷ್ಟೇ.

ನರಸಿಂಹುಲುಗೆ ಏನನ್ನಿಸಿತೋ, ದನಿ ಇಳಿಸಿದ. "ಸಾರ್, ಎರಡೂ ಕಡಿ ಬಿದ್ದದ್ದನ್ನ ರದ್ದು ಮಾಡಿಬಿಡ್ರಿ. ಸರಿಸಮ ಆಗತೈತಿ. ಹೆಸರು ಬರದು ಡಬ್ಬ್ಯಾಗ ಹಾಕಿ ಎತ್ರಿ. ದೇವರು ಯಾರಿಗೆ ಕೊಡ್ತಾನ ಅವರು."

"ದೇವರತನಕ ಹೋಗೋದು ಬ್ಯಾಡ. ಇನ್ನೂ ನಮ್ಮ ಕೈಯಾಗ ಅದ," ಎಂದರು ಸುಧೀಂದ್ರ.

ಅವರು ಮತಗಟ್ಟೆಯ ಸಾಮಾನಿನ ಚೀಲದಿಂದ ಮುದ್ರೆಯನ್ನೂ ಮಸಿಯ ಪ್ಯಾಡನ್ನೂ ತರಿಸಿದರು. ಒಂದು ಬಿಳಿ ಹಾಳೆ ತೆಗೆದುಕೊಂಡು ಅದರ ಮೇಲೆ ಮುದ್ರೆ ಒತ್ತಿದರು. ಮಸಿ ಆರುವ ಮುನ್ನ ಹಾಳೆಯನ್ನು ಮೂಲೆಗೆ ಮೂಲೆ ಮಡಿಸಿ, ಅಂಗೈಯಿಂದ ಒತ್ತಿ, ಬಿಡಿಸಿದರು. ಹಾಳೆಯ ಮೇಲೆ ಈಗ ಎರಡು ಗುರುತುಗಳಿದ್ದವು.

"ಇಬ್ಬರೂ ಬರ್ರಿ. ನೀವೂ ಬರ್ರಿ ಅಮ್ಮಾ," ಎಂದು ಅಭ್ಯರ್ಥಿಗಳನ್ನೂ ಕರೆದರು. "ನಾ ಒತ್ತಿದ್ದು ಯಾವುದು, ಅಂಟಿದ್ದು ಯಾವುದು, ಹೇಳ್ರಿ."

"ಇದು ದಟ್ಟ ಐತಿ. ಇದು ಒತ್ತಿದ್ದು," ಎಂದ ಅಯ್ಯಣ್ಣ.

"ದಟ್ಟ, ತೆಳು ಬ್ಯಾಡ. ಮಸಿ ಹೆಚ್ಚಿದ್ರ ಎರಡೂ ದಟ್ಟ ಬರ್ತಾವ. ತೋಳು ನೋಡ್ರಿ."

ಶಿವಗಂಗಾ ಬಗ್ಗಿ ನೋಡಿದಳು. ಒತ್ತಿದ ಮುದ್ರೆಯ ನಾಲ್ಕು ತೋಳುಗಳೂ ಬಲಕ್ಕೆ ತಿರುಗಿದ್ದವು. ಮಡಿಕೆಯಲ್ಲಿ ಅಂಟಿಕೊಂಡ ಗುರುತಿನ ನಾಲ್ಕು ತೋಳುಗಳೂ ಎಡಕ್ಕೆ ತಿರುಗಿದ್ದವು. ಕನ್ನಡಿಯಲ್ಲಿ ಕಂಡ ಹಾಗೆ.

"ಹ್ಯಾಂಗರ ಮಡಚ್ರಿ, ಎಷ್ಟು ಸಲರ ಮಡಚ್ರಿ, ಅಂಟಿದ್ದು ತಿರುಗೇ ಬರ್ತದ," ಎಂದರು ಸುಧೀಂದ್ರ. "ದುಂಡನ ಚುಕ್ಕಿ ಇಟ್ಟಿದ್ರ ಇವತ್ತು ಯಾರಿಂದಲೂ ಹೇಳಾಕ ಆಗ್ತಿರಲಿಲ್ಲ. ಜನ ಹ್ಯಾಂಗ್ಹ್ಯಾಂಗೋ ಮಡಚ್ತಾರ ಅಂತ ಈ ಮುದ್ರಿ ಆರಿಸಿದೋರಿಗೆ ಮೊದಲ ಗೊತ್ತಿತ್ತು. ತಪ್ಪು ಮಡಚಿದವರ ಮಾತೂ ಕೇಳಬೇಕು ಅಂತ ಹಿಂಗ ಮಾಡ್ಯಾರ."

ನರಸಿಂಹುಲು ಬಿಳಿ ಹಾಳೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, "ಅಬ್ಬಾ," ಎಂದು ಮೆಲ್ಲಗೆ ಹೇಳಿ ವಾಪಸು ಇಟ್ಟ. ಶ್ರೀವಲ್ಲಿ ಮೊದಲ ಸಲ ಸೆರಗು ಸರಿಸಿ ಮೇಜಿನ ಹತ್ತಿರ ಬಂದಳು.

ಸುಧೀಂದ್ರ ಗುಲಾಬಿ ಚೀಟಿಯನ್ನು ಬಿಳಿ ಹಾಳೆಯ ಪಕ್ಕಕ್ಕೆ ಸರಿಸಿದರು. ಕತ್ತರಿಯ ಮೇಲಿನ ಗುರುತಿನ ತೋಳುಗಳು ಎಡಕ್ಕಿದ್ದವು. ಉಂಗುರದ ಮೇಲಿನ ಗುರುತಿನ ತೋಳುಗಳು ಬಲಕ್ಕಿದ್ದವು.

ಶಿವಗಂಗಾ ಮತ್ತೊಮ್ಮೆ ನೋಡಿದಳು. ನಾಲ್ಕನ್ನೂ ಒಂದೊಂದಾಗಿ ನೋಡಿದಳು. ಬಲಕ್ಕೇ ಇದ್ದವು.

"ತಕರಾರು ಐತಿ," ಎಂದ ಅಯ್ಯಣ್ಣ. ಅವನ ಮುಖ ಕೆಂಪಾಗಿತ್ತು. "ಮುದ್ರಿ ಬಿಡ್ರಿ. ಈ ಮಡಿಕಿ ನೋಡ್ರಿ. ಇದು ಪೊಟ್ಟಣದ ಮಡಿಕಿ. ಊರಾಗ ಪೊಟ್ಟಣ ಕಟ್ಟೋ ಮನಿ ಎಷ್ಟು ಅದಾವ? ಆರು. ಹಾಕಿದೋರ ಗುರುತು ಸಿಗೋ ಚೀಟಿ ನಡಿಯಂಗಿಲ್ಲಂತ ಕಾಯ್ದೇದಾಗ ಐತಿ. ನಾ ಒಂದ ತಾಸಿನ್ಯಾಗ ಯಾರದಂತ ಹೇಳ್ತೀನಿ."

"ಹೆಸರು ಹೇಳಿದ್ರ ಹೊರಗ ಕಳಸ್ತೀನಿ, ಅದೂ ಕಾಯ್ದೇನ," ಎಂದರು ಸುಧೀಂದ್ರ, ದನಿ ಏರಿಸದೆ. "ಬರಹ, ಗುರುತು ಇದ್ರ ರದ್ದು. ಮಡಿಕಿ ಬರಹ ಅಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮದು ಬ್ಯಾರೆ ಇದ್ರ ಬರದು ಕೊಡ್ರಿ. ಮ್ಯಾಲಿನವರಿಗೆ ಫೋನ್ ಮಾಡಿ ಕೇಳ್ತೀನಿ, ಅಲ್ಲೀತನಕ ಫಲಿತಾಂಶ ನಿಲ್ಲಸ್ತೀನಿ. ಆದ್ರ ಅಭ್ಯರ್ಥಿ ದಸ್ಕತ್ ಬೇಕು."

ಅಯ್ಯಣ್ಣ ಆಗಲೇ ಕಾಗದ ತೆಗೆದು ಎರಡು ಸಾಲು ಗೀಚಿದ್ದ. ಅದನ್ನೂ ಪೆನ್ನನ್ನೂ ಶಿವಗಂಗಾಳ ಮುಂದೆ ಇಟ್ಟ. "ಅಕ್ಕಾ, ಹಾಕು. ರದ್ದಾದ್ರ ಚೀಟಿ ಎತ್ತೋದು. ಅರ್ಧಕ್ಕರ್ಧ ಆಸೆ ಐತಿ."

ಶಿವಗಂಗಾ ಪೆನ್ನು ಹಿಡಿದಳು.

ಸುಣ್ಣದೊಡ್ಡಿಯಲ್ಲಿ ಸರಪಂಚ ಸ್ಥಾನಕ್ಕೆ ಹಿಂದೆ ಮತದಾನವಾಗಿದ್ದು ಮೂವತ್ತು ವರ್ಷಗಳ ಕೆಳಗೆ. ಆಮೇಲಿನ ನಾಲ್ಕು ಚುನಾವಣೆಗಳಲ್ಲೂ ದೊಡ್ಡಮನೆಯ ಪಡಸಾಲೆಯಲ್ಲಿ ಹಿರಿಯರು ಕೂಡಿ ಒಂದೇ ಹೆಸರು ಬರೆದು ಕಳಿಸುತ್ತಿದ್ದರು. ಹೆಸರು ದೊಡ್ಡಮನೆಯದೇ. ಈ ಸಲ ಸ್ಥಾನ ಮಹಿಳೆಗೆ ಮೀಸಲಾದಾಗ ಆ ಮನೆಯ ಸೊಸೆ ಶ್ರೀವಲ್ಲಿಯ ಹೆಸರು ಬರೆದರು. ಕೊನೆಯ ದಿನ, ಕೊನೆಯ ತಾಸಿನಲ್ಲಿ ಶಿವಗಂಗಾ ಹೋಗಿ ಎರಡನೇ ನಾಮಪತ್ರ ಕೊಟ್ಟಳು. ಅವಳು ಹಾಗೆ ಮಾಡದಿದ್ದರೆ ಈ ಗುಲಾಬಿ ಚೀಟಿಗಳು ಅಚ್ಚಾಗುತ್ತಲೇ ಇರಲಿಲ್ಲ. ಇಪ್ಪತ್ತು ದಿನ ಹೊಸ್ತಿಲು ಹೊಸ್ತಿಲಿಗೆ ನಿಂತು ಅವಳು ಹೇಳಿದ್ದು ಒಂದೇ ಮಾತು: "ಯಾರಿಗಾದರ ಹಾಕ್ರಿ, ಯಾರಿಗೂ ಹೇಳಬ್ಯಾಡ್ರಿ. ಒಳಗ ಹೋದ ಮ್ಯಾಲ ನೀವ ದೊರಿ." ಆ ಮಾತನ್ನು ತನ್ನ ಮನೆಯ ಹೊಸ್ತಿಲಲ್ಲಿ ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ಆ ಬೆಳಿಗ್ಗೆ ಎಂಟು ಗಂಟೆಗೆ ಅತ್ತೆಯನ್ನು ಕೈಹಿಡಿದು ಮತಗಟ್ಟೆಗೆ ಕರೆತಂದವಳು ಶಿವಗಂಗಾಳೇ. ಮುದ್ರೆ ಒತ್ತುವ ರಟ್ಟಿನ ಮರೆಯ ತನಕ ಅತ್ತೆ ನಿಧಾನ ಹೋಗಿದ್ದಳು. ಮರೆಯ ಕೆಳಗೆ ಅವಳ ಬರಿಗಾಲುಗಳು ಮಾತ್ರ ಕಾಣುತ್ತಿದ್ದವು. ಸ್ವಲ್ಪ ಹೊತ್ತಾಗಿತ್ತು. ಮುದ್ರೆ ಹಿಡಿಯಲು ಬೆರಳು ಬಗ್ಗದೆ ತಡವಾಗುತ್ತಿದೆ ಎಂದು ಶಿವಗಂಗಾ ಆಗ ತಿಳಿದಿದ್ದಳು.

ಕಾರಣ ಏನಿರಬಹುದು ಎಂದು ಈಗ ಹುಡುಕಿದಳು. ಶ್ರೀವಲ್ಲಿಯ ಅತ್ತೆ ಹಿಂದೊಮ್ಮೆ ರಾಯಚೂರಿನ ಆಸ್ಪತ್ರೆಯಲ್ಲಿ ಐದು ದಿನ ಶಿವಬಸಮ್ಮನ ಜೊತೆಗಿದ್ದಳು. ಸೊಸೆ ಕಚೇರಿ ಅಲೆದರೆ ಮನೆ ನಡೆಯದು ಎಂಬ ಮಾತು ಮನೆಯಲ್ಲಿ ಒಂದು ಸಲ ಬಂದಿತ್ತು. ಅಥವಾ ಶ್ರೀವಲ್ಲಿ ಒಳ್ಳೆಯ ಸರಪಂಚಳಾದಾಳು ಎಂದೇ ಅನ್ನಿಸಿರಬಹುದು. ಯಾವುದೂ ಇದೇ ಎಂದು ತಿಳಿಯಲಿಲ್ಲ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕುಳಿತವಳ ಮನಸ್ಸಿನಲ್ಲಿ ತಾನು ಕಾಲಿಡದ ಜಾಗವಿದೆ ಎಂಬುದಷ್ಟೇ ತಿಳಿಯಿತು. ಆ ಜಾಗಕ್ಕೆ ಸರಕಾರ ಮೂರು ರಟ್ಟಿನ ಗೋಡೆ ಕಟ್ಟಿತ್ತು. ಅಲ್ಲಿಂದ ಬಂದ ಮಾತನ್ನು ತಪ್ಪಾಗಿ ಓದಬಾರದೆಂದು ಯಾರೋ ಎಲ್ಲೋ ಕುಳಿತು ಮುದ್ರೆಯ ತೋಳುಗಳನ್ನು ತಿರುಗಿಸಿದ್ದರು. ಅವಳ ಮೈ ಜುಮ್ಮೆಂದಿತು. ಸೋತಾಗ ಹೀಗಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅಕ್ಕಾ," ಎಂದ ಅಯ್ಯಣ್ಣ.

ಅವಳು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು. "ತಕರಾರು ಇಲ್ರಿ."

"ಹುಚ್ಚು ಹಿಡದೈತೇನು ನಿನಗ?"

"ಮುದ್ರಿ ಬಲಕ್ಕ ಐತಿ ಅಯ್ಯಣ್ಣ. ನೀನೂ ನೋಡಿದಿ."

ಸುಧೀಂದ್ರ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಚೀಟಿಯನ್ನು ಎತ್ತಿ, ಮಡಿಕೆಗಳ ಮೇಲೆ ಅಡಿಪಟ್ಟಿಯನ್ನು ನಾಲ್ಕು ಸಲ ಬಲವಾಗಿ ಎಳೆದು, ಚಪ್ಪಟೆ ಮಾಡಿ, ಉಂಗುರದ ಕಟ್ಟಿನ ನಡುವೆ ತೂರಿಸಿ ದಾರ ಬಿಗಿದರು. ಮುನ್ನೂರ ಎಂಬತ್ತೇಳು. ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ಶ್ರೀವಲ್ಲಿ ಗೆದ್ದಳೆಂದು ಘೋಷಿಸಿದರು. ಹೊರಗೆ ಪಟಾಕಿ ಹಚ್ಚಿದರು. ಶ್ರೀವಲ್ಲಿ ಹೋಗುವಾಗ ಶಿವಗಂಗಾಳ ಬೆಂಚಿನ ಮುಂದೆ ನಿಂತಳು. "ಬರ್ತೀನಿ ಅಕ್ಕಾ," ಎಂದಷ್ಟೇ ಹೇಳಿದಳು.

ಗಂಡ ಗುರುಪ್ರಸಾದ ಗೇಟಿನ ಹೊರಗೆ ಕಾದಿದ್ದ. ಮನೆ ಮುಟ್ಟುವ ತನಕ ಅವನು ಒಂದೇ ಮಾತು ಹಿಡಿದಿದ್ದ. "ಆ ಒಂದು ಓಟು ಯಾರದಂತ ನಾ ಪತ್ತೆ ಹಚ್ಚತೀನಿ. ಅನ್ನ ಉಂಡ ಮನಿಗೆ ಎರಡು ಬಗದೋರು ಯಾರಂತ."

"ಮುನ್ನೂರ ಎಂಬತ್ತೇಳು ಮಂದಿ ಅದಾರ," ಎಂದಳು ಶಿವಗಂಗಾ. "ಅದರಾಗ ಯಾರನ್ನ ತಗದರೂ ಅವರದ ಆ ಒಂದು."

ಶಿವಬಸಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ಸುದ್ದಿ ಸೊಸೆಗಿಂತ ಮೊದಲೇ ಬಂದಿತ್ತು. ಮಗ ಒಳಗೆ ಹೋದ ಮೇಲೆ, "ಒಂದರಾಗ ಹೋತಂತಲ್ಲ," ಎಂದಳು.

"ಹೂಂ ಅತ್ತಿ. ಒಂದರಾಗ."

"ಸಿಟ್ಟು ಬಂದೈತೇನು?"

"ಯಾರ ಮ್ಯಾಲ ಬರಬೇಕು?"

ಮುದುಕಿ ಸೊಸೆಯ ಮುಖವನ್ನು ದಿಟ್ಟಿಸಿದಳು. ಶಿವಗಂಗಾ ಕಣ್ಣು ತಪ್ಪಿಸಲಿಲ್ಲ. "ಮುಂಜಾನಿಂದ ಏನೂ ತಿಂದಿಲ್ಲ ನೀನು. ನಡಿ," ಎಂದು ಶಿವಬಸಮ್ಮ ಗೋಡೆ ಹಿಡಿದು ಎದ್ದಳು.

ನಾಲ್ಕು ದಿನ ಬಿಟ್ಟು ಅಯ್ಯಣ್ಣ ನಾರಾಯಣಪೇಟೆಯ ವಕೀಲ ಅಭಿರಾಮನಿಂದ ಅರ್ಜಿ ಬರೆಸಿ ತಂದ. ಫಲಿತಾಂಶವನ್ನು ಪ್ರಶ್ನಿಸಲು ಮೂವತ್ತು ದಿನಗಳ ಮುದ್ದತ್ತು ಇತ್ತು. ಅರ್ಜಿ ಕೊಟ್ಟರೆ ನ್ಯಾಯಾಧೀಶರ ಎದುರು ಕಟ್ಟು ಬಿಚ್ಚಿಸಿ ಚೀಟಿಗಳನ್ನು ಮತ್ತೆ ನೋಡಲು ಕೇಳಬಹುದು ಎಂದು ವಕೀಲರು ಹೇಳಿದ್ದರು. ಶಿವಗಂಗಾಳ ದಸ್ಕತ್ತೊಂದು ಬೇಕಾಗಿತ್ತು.

ಮೂವತ್ತನೆಯ ದಿನ ಸಂಜೆ ಐದು ಗಂಟೆಗೆ ನಾರಾಯಣಪೇಟೆಯ ನ್ಯಾಯಾಲಯದ ಕಚೇರಿ ಮುಚ್ಚಿತು. ಸುಣ್ಣದೊಡ್ಡಿಯಿಂದ ಯಾವ ಅರ್ಜಿಯೂ ಬಂದಿರಲಿಲ್ಲ.