ಭಾನುವಾರದ ತೂಕ

"ನಾವೇನು ನಿಮ್ಮ ಲಾರಿಗಳಾ? ಹತ್ತು ಅಂದ್ರೆ ಹತ್ತೋಕೆ, ಇಳಿ ಅಂದ್ರೆ ಇಳಿಯೋಕೆ!"

"ಬಾಯಿ ಮುಚ್ಚು. ಈಗ ಮಗಳ ತೂಕ ನೋಡ್ತಿದ್ದೀನಿ, ನಿಂದಲ್ಲ."

"ಹದಿಮೂರು ವರ್ಷದ ಕೂಸು ರೀ ಅದು. ನಿನ್ನೆ ಮಧ್ಯಾಹ್ನದಿಂದ ಒಂದು ಮೊಟ್ಟೆ, ಅರ್ಧ ಲೋಟ ನೀರು. ಹೊಟ್ಟೆಗೆ ಹಾಕದೆ ಕುಸ್ತಿ ಆಡು ಅಂದ್ರೆ ಎಲ್ಲಿಂದ ಆಡ್ತಾಳೆ?"

"ನಲವತ್ತೆರಡು ಕಿಲೋ ದಾಟಿದ್ರೆ ಅಖಾಡದ ಒಳಗೇ ಬಿಡಲ್ಲ. ಆಗ ಏನ್ಮಾಡ್ತಾಳೆ, ಗ್ಯಾಲರೀಲಿ ಕೂತು ಬೇರೆಯವರ ಮಕ್ಕಳಿಗೆ ಚಪ್ಪಾಳೆ ತಟ್ತಾಳಾ? ಲೇ ಮೂಟೆ, ಇನ್ನೊಂದ್ಸಲ ಹತ್ತು. ಸ್ವೆಟರ್ ಬಿಚ್ಚು. ಉಸಿರು ಬಿಡು."

"ಉಸಿರಿಗೂ ತೂಕ ಇದ್ಯಾ ಅಪ್ಪಾ?"

"ನಿನ್ನ ಬಾಯಿಗಿದೆ. ಹತ್ತೇ ಅಂದ್ರೆ!"

ಮೂಟೆ ತೂಕದ ಯಂತ್ರ ಹತ್ತಿದಳು. ನಲವತ್ತೆರಡು ಕಿಲೋ ಎಂಟುನೂರು. ಇನ್ನು ಆರು ದಿನದಲ್ಲಿ ಎಂಟುನೂರು ಗ್ರಾಂ ಇಳಿಯಬೇಕು. ಹುಟ್ಟಿದಾಗ ನಾಲ್ಕು ಕಿಲೋ ಇದ್ದಳೆಂದು ಅಪ್ಪ ಇಟ್ಟ ಹೆಸರು ಅದು, ಈಗ ಕೈಕಾಲು ಬಿದಿರುಗಳುವಿನಂತಾದರೂ ಹೆಸರು ಬಿಟ್ಟು ಹೋಗಿರಲಿಲ್ಲ.

ಅಪ್ಪನ ಕಸುಬೇ ತೂಕ. ಊರಾಚೆ ದೊಡ್ಡ ರಸ್ತೆಯ ಪಕ್ಕದಲ್ಲಿ ಲಾರಿ ತೂಗುವ ಕಟ್ಟೆಯಿದೆ. ಅಲ್ಲಿ ಗಾಜಿನ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವನು. ಡ್ರೈವರುಗಳು ಅವನನ್ನು ತೂಕದಣ್ಣ ಎನ್ನುತ್ತಿದ್ದರು, ಅವನ ಬೆನ್ನ ಹಿಂದೆ ಇನ್ನೇನೇನೋ ಎನ್ನುತ್ತಿದ್ದರು. ಸೀಟಿನ ಕೆಳಗೆ ಕಬ್ಬಿಣದ ಗಟ್ಟಿ ಇಟ್ಟು ಬಂದವರು, ಮರಳಿಗೆ ನೀರು ಹೊಡೆದು ತಂದವರು, ಒಂದು ಗಾಲಿಯನ್ನು ಕಟ್ಟೆಯ ಅಂಚಿಗೆ ತಾಗಿಸಿ ನಿಲ್ಲಿಸಿದವರು, ಯಾರೂ ಅವನ ಕಣ್ಣಿಗೆ ಮಣ್ಣೆರಚಿ ಹೋದದ್ದಿಲ್ಲ. ಅದು ಅವನಿಗಿದ್ದ ಒಂದೇ ಒಂದು ಜಂಬ.

ಮನೆಯ ಗೋಡೆಯ ಮೇಲೆ ಎರಡು ಕಾಗದ ಅಂಟಿಸಿದ್ದ. ಬಲಗಡೆಯದು ಮಗಳದು, ಇಳಿಯಬೇಕಾದದ್ದು. ಎಡಗಡೆಯದು ಹೆಂಡತಿಯದು, ಏರಬೇಕಾದದ್ದು. ಹೊಟ್ಟೆಯ ಗಡ್ಡೆ ತೆಗೆದು, ನಲವತ್ತೈದು ಕಿಲೋಗೆ ಇಳಿದಿದ್ದ ಅವಳನ್ನು ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದ್ದರು: "ಕಾಯಿಲೆ ತಿರುಗಿ ಬಂದರೆ ಮೊದಲು ಗೊತ್ತಾಗುವುದು ತೂಕದಲ್ಲಿ. ಎರಡು ವಾರ ಸತತ ಇಳಿದರೆ ಒಂದು ದಿನವೂ ಕಾಯಬೇಡಿ, ಎತ್ತಿಕೊಂಡು ಬನ್ನಿ." ಪ್ರತಿ ಭಾನುವಾರ ತೂಕ ನೋಡಿ ವಾರ್ಡಿನ ನರ್ಸಮ್ಮನಿಗೆ ಫೋನಿನಲ್ಲಿ ಕಳಿಸಬೇಕು. ಅವನು ಏನು ಕೆಲಸದವನೆಂದು ತಿಳಿದಾಗ ನರ್ಸಮ್ಮ ನಕ್ಕಿದ್ದಳು. "ಹಂಗಾದ್ರೆ ನಿಮ್ಮ ಲೆಕ್ಕಾನ ನಾವು ಕಣ್ಮುಚ್ಚಿ ನಂಬಬಹುದು ಬಿಡಿ."

"ಈಗ ನೀನು ಬಾ" ಎಂದ.

ಹೆಂಡತಿ ಕೋಣೆಗೆ ಹೋಗಿ ತನ್ನ ಬೂದು ಬಣ್ಣದ ಉದ್ದನೆಯ ನೈಟಿ ತೊಟ್ಟು ಬಂದಳು. ಮೈಯೆಲ್ಲ ಚಳಿ, ಭಾನುವಾರ ಬೆಳಿಗ್ಗೆ ಅದಿಲ್ಲದೆ ನಿಲ್ಲಲಾರೆ ಎಂದು ಮೊದಲಿನಿಂದಲೂ ಹೇಳುತ್ತಿದ್ದಳು. ಅವನು ಮೊದಲ ವಾರವೇ ಆ ನೈಟಿಯನ್ನು ಬೇರೆಯಾಗಿ ತೂಗಿ, ಮುನ್ನೂರೈವತ್ತು ಗ್ರಾಂ ಎಂದು ಕಾಗದದ ಮೇಲ್ತುದಿಯಲ್ಲಿ ಬರೆದಿದ್ದ. ಪ್ರತಿ ವಾರ ಅಷ್ಟನ್ನು ಕಳೆಯುತ್ತಿದ್ದ.

ಅವಳು ಬಾಗಿಲ ಚೌಕಟ್ಟು ಹಿಡಿದು, ನಿಧಾನವಾಗಿ ಹತ್ತಿದಳು. ನೈಟಿ ಕಳೆದು ನಲವತ್ತೆಂಟೂವರೆ.

"ನೋಡ್ದ್ಯಾ? ಹೋದ ವಾರಕ್ಕಿಂತ ಮುನ್ನೂರು ಗ್ರಾಂ ಮೇಲೆ. ಬಯ್ಯೋದು ಬಿಟ್ಟು ತಿನ್ನೋದು ಕಲಿತಿದ್ದೀಯ."

"ನಿಮ್ಮ ಕೈಲಿ ಬೈಸ್ಕೊಂಡೇ ಹೊಟ್ಟೆ ತುಂಬುತ್ತೆ" ಎಂದು ಅವಳು ಇಳಿದಳು. ಇಳಿಯುವಾಗ ಗೋಡೆಗೆ ಕೈ ಊರಿ ಒಂದು ಗಳಿಗೆ ಹಾಗೇ ನಿಂತಳು. ಅವನು ಫೋನು ಒತ್ತುತ್ತಿದ್ದ, ನೋಡಲಿಲ್ಲ. ನರ್ಸಮ್ಮನಿಂದ "ಭೇಷ್" ಎಂದು ಉತ್ತರ ಬಂತು.

ಮಂಗಳವಾರ ಒಬ್ಬ ಕಲ್ಲುಪುಡಿ ಲಾರಿಯವನು ಬಂದ. ಎರಡು ವಾರದಿಂದ ಅವನ ಗಾಡಿಯ ತೂಕ ದಾರ ಹಿಡಿದು ಗೆರೆ ಎಳೆದಂತೆ ಬರುತ್ತಿತ್ತು. ತೂಕದಣ್ಣನಿಗೆ ಅದು ಹಲ್ಲಿನ ಸಂದಿಯ ನಾರಿನಂತೆ ಕಿರಿಕಿರಿ.

"ಖಾಲಿ ಮಾಡಿ ತಂದು ಇನ್ನೊಂದ್ಸಲ ನಿಲ್ಲಿಸು."

"ಖಾಲಿ ಗಾಡಿ ತೂಕ ಹೋದ ತಿಂಗಳೇ ಹಾಕಿದ್ದೀಯಲ್ಲ ಅಣ್ಣ, ಅದನ್ನೇ ಕಳೆದು ಬರ್ಕೊ. ಜಾಸ್ತಿ ಬಂದ್ರೂ ತಪ್ಪು, ಕಮ್ಮಿ ಬಂದ್ರೂ ತಪ್ಪು, ಸರಿಯಾಗಿ ಬಂದ್ರೂ ತಪ್ಪು ಅಂದ್ರೆ ನಾವೇನು ಗಾಡೀನ ತಲೆ ಮೇಲೆ ಹೊತ್ಕೊಂಡು ಬರೋಣ್ವಾ?"

"ಸರಿಯಾಗಿ ಬರೋದೇ ಕಳ್ಳ ತೂಕ ಕಣಯ್ಯಾ. ನಿಜವಾದ್ದು ಒಂದು ದಿನ ಏರತ್ತೆ, ಒಂದು ದಿನ ಇಳಿಯತ್ತೆ. ಪ್ರತಿ ಸಲ ಹೇಳಿ ಮಾಡಿಸಿದಂಗೆ ಬರಲ್ಲ. ಹೋದ ತಿಂಗಳ ಖಾಲಿ ತೂಕ ನಂಬೋನು ಈ ಕುರ್ಚೀಲಿ ಕೂರೋಕೆ ಲಾಯಕ್ಕಿಲ್ಲ..."

ಮಾತು ಅಲ್ಲಿಗೇ ನಿಂತಿತು. ಮನೆಯ ಗೋಡೆಯ ಎಡಗಡೆಯ ಕಾಗದ ಕಣ್ಣ ಮುಂದೆ ಬಂತು.

ನಲವತ್ತೇಳು. ನಲವತ್ತೇಳು ಮುನ್ನೂರು. ಆರುನೂರು. ಒಂಬೈನೂರು. ನಲವತ್ತೆಂಟು ಇನ್ನೂರು. ಐದುನೂರು. ಐದು ವಾರ, ಒಂದೊಂದು ವಾರಕ್ಕೂ ಮುನ್ನೂರು. ಅದಕ್ಕೆ ಮೊದಲಿನ ವಾರಗಳಲ್ಲಿ ತೂಕ ಕುಂಟುತ್ತ ಏಳುತ್ತ ಬಂದಿತ್ತು, ಒಂದು ವಾರ ಇಳಿದೂ ಇತ್ತು. ಆಮೇಲೆ ಮೆಟ್ಟಿಲು ಕಟ್ಟಿದಂತೆ. ಮತ್ತೆ ಆ ನೈಟಿ. ಅದನ್ನು ತೂಗಿದ್ದು ಒಂದೇ ಒಂದು ಸಲ.

"ಅಣ್ಣ? ಏನಾಯ್ತಣ್ಣ? ಮುಖ ಯಾಕೆ ಹಂಗಾಯ್ತು?" ಎಂದ ಡ್ರೈವರು.

"ಹೋಗು. ಯಾವ ತೂಕ ಬೇಕೋ ಬರ್ಕೊಂಡು ಹೋಗು" ಎಂದವನೇ ಕಿಟಕಿ ಮುಚ್ಚಿ, ಬೀಗ ಹಾಕಿ, ಸ್ಕೂಟರ್ ಹತ್ತಿದ.

ಮನೆಯಲ್ಲಿ ಹೊಲಿಗೆ ಯಂತ್ರ ಸುಮ್ಮನಿತ್ತು. ಹೆಂಡತಿ ಅಂಗಡಿಗಳಿಗೆ ಕಿಟಕಿಯ ಪರದೆ ಹೊಲಿದು ಕೊಡುವವಳು. ಕಾಯಿಲೆಯ ನಡುವೆಯೂ ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ಈಗ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬೂದು ನೈಟಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಕಿಟಕಿಯಿಂದ ಗಾಳಿ ಬೀಸಿ ಪಕ್ಕದ ಟವೆಲ್ ಹಾರಾಡುತ್ತಿದ್ದರೆ ನೈಟಿ ಮಾತ್ರ ಅಲುಗದೆ ನೆಟ್ಟಗೆ ನಿಂತಿತ್ತು. ಅವನು ಅದನ್ನು ಕೈಗೆ ತೆಗೆದುಕೊಂಡ. ತೂಕ ಕೈಗೇ ಗೊತ್ತಾಯಿತು. ಮೂರೂವರೆ ಕಿಲೋ. ಕೆಳಗಿನ ಅಂಚಿನಲ್ಲಿ, ಒಳಮಡಿಕೆಯಲ್ಲಿ, ಪರದೆ ನೆಟ್ಟಗೆ ಇಳಿಬೀಳಲೆಂದು ಹೊಲಿಯುವ ಸೀಸದ ಬಿಲ್ಲೆಗಳು. ಸಾಲಾಗಿ, ಮೂರು ಸುತ್ತು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹೊರಗಿನಿಂದ ಒಂದು ನೂಲೂ ಕಾಣುತ್ತಿರಲಿಲ್ಲ.

"ಏಳೇ" ಎಂದ.

ಅವಳು ತಿರುಗಿದಳು. ಅವನ ಕೈಯಲ್ಲಿದ್ದುದನ್ನು ನೋಡಿ ಎದ್ದು ಕೂತಳು.

"ನಿಜವಾದ್ದೆಷ್ಟು?"

ಅವಳು ತೂಕದ ಯಂತ್ರದ ಮೇಲೆ ಹೋಗಿ ನಿಂತಳು. ನಲವತ್ತೈದು ಮುನ್ನೂರು. ಐದು ವಾರದಲ್ಲಿ ಒಂದೂ ಮುಕ್ಕಾಲು ಕಿಲೋದಷ್ಟು ಇಳಿದಿತ್ತು.

ಆಗ ಕೋಪ ಬಂತು, ನೆತ್ತಿಯವರೆಗೆ. "ಮಾನ ಮರ್ಯಾದೆ ಇದ್ಯೇನೇ ನಿನಗೆ? ಸಾಯೋಕೆ ಹೊರಟಿದ್ದೀಯಾ? ನನ್ನ ಕೈಯಿಂದಾನೇ ಆಸ್ಪತ್ರೆಗೆ ಸುಳ್ಳು ಕಳಿಸ್ದೆ, ನನ್ನ ಕೈಯಿಂದ! ಹೊರಡು. ಈಗಲೇ. ಹೆಂಗಿದ್ದೀಯೋ ಹಂಗೇ ಹೊರಡು!" ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದು ಕೇಳಿತು.

ಒಂದು ಮಾತಿಗೆ ನಾಲ್ಕು ಮಾತು ಕೊಡುವ ಹೆಂಗಸು ಈಗ ಸುಮ್ಮನೆ ಕೇಳಿದಳು. ಅವನಿಗೆ ಹೆದರಿಕೆಯಾದದ್ದು ಅದರಿಂದ.

"ಆಯ್ತಾ ಬೈದು?" ಎಂದಳು. "ಶನಿವಾರ ಅವಳ ಕುಸ್ತಿ. ಭಾನುವಾರ ಎಲ್ಲಿಗೆ ಕರೀತೀರೋ ಅಲ್ಲಿಗೆ ಬರ್ತೀನಿ. ಹೋದ ವರ್ಷ ತೂಕ ಕೊಟ್ಟು ನಿಂತಿದ್ಲು, ನಾನು ಬಿದ್ದೆ ಅಂತ ಆಡದೆ ಓಡಿ ಬಂದ್ಲು. ಈ ವರ್ಷ ಅವಳ ವಯಸ್ಸಿಗೆ ಕೊನೇ ಸಲ. ಗೆದ್ದೋಳು ಒಬ್ಬಳಿಗೇ ಕ್ರೀಡಾ ಹಾಸ್ಟೆಲಲ್ಲಿ ಜಾಗ."

"ಹಾಸ್ಟೆಲ್ ಹಾಳಾಗ್ಲಿ!"

"ಹಾಳಾದ್ರೆ ಅವಳು ಎಲ್ಲಿರ್ತಾಳೆ? ನಿಮ್ಮ ಜೊತೇಲಾ?" ಅವಳು ಅವನ ಮುಖವನ್ನೇ ನೋಡಿದಳು. "ನಡುವೆ ನಾನಿರೋದಕ್ಕೆ ನೀವಿಬ್ಬರೂ ಒಂದೇ ಸೂರಿನ ಕೆಳಗಿದ್ದೀರಿ. ನಾನಿಲ್ದಿದ್ರೆ ಆರು ತಿಂಗಳಿಗೆ ಆ ಹುಡುಗಿ ಒಂದು ದಿಕ್ಕು, ನೀವೊಂದು ದಿಕ್ಕು. ಬೇಜಾರು ಮಾಡ್ಕೋಬೇಡಿ. ನಿಮ್ಮ ಬಾಯಿ ನಿಮಗೇ ಗೊತ್ತಲ್ಲ."

ಅವನು ಜೇಬಿನಿಂದ ಫೋನು ತೆಗೆದ. ನರ್ಸಮ್ಮನ ನಂಬರು ತೆರೆದಿತ್ತು, ಅದರ ಕೆಳಗೆ ಆ "ಭೇಷ್". ಹೆಂಡತಿ ಅವನ ಕೈಯ ಮೇಲೆ ಕೈ ಇಟ್ಟಳು. ಕೈಯಲ್ಲಿ ಭಾರವೇ ಇರಲಿಲ್ಲ.

"ನಾಲ್ಕೇ ದಿನ ರೀ. ಮೂಟೆಗೆ ಗೊತ್ತಾಗಬಾರದು."

ಅವನು ಫೋನನ್ನು ಜೇಬಿಗೆ ಹಾಕಿದ. ಆ ನಾಲ್ಕು ದಿನ ಅವನು ತೂಗಿದ ಲಾರಿಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು, ಅವನಿಗೆ ಗೊತ್ತಿಲ್ಲ. ಮನೆಗೆ ಬಂದರೆ ಹೆಂಡತಿಯ ಕಾಲಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದ. ಬಚ್ಚಲಿನಲ್ಲಿ ನಲ್ಲಿ ಹೆಚ್ಚು ಹೊತ್ತು ಹರಿದರೆ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದ. "ಅಪ್ಪಾ, ಮೈ ಹುಷಾರಿಲ್ವಾ? ಬೈತಾನೇ ಇಲ್ಲ ನೀನು" ಎಂದಳು ಮಗಳು ಗುರುವಾರ. "ಹೋಗೇ, ಹೋಗಿ ಓಡು" ಎಂದು ಗದರಿದ. ಅವಳಿಗೆ ಸಮಾಧಾನವಾಯಿತು.

ಶನಿವಾರ ಬೆಳಿಗ್ಗೆ ಮೂಟೆ ನಲವತ್ತೊಂದು ಒಂಬೈನೂರು. ಕ್ರೀಡಾಂಗಣದ ಒಳಗೆ ಬೆವರು, ರಬ್ಬರ್, ಸುಣ್ಣದ ವಾಸನೆ. ನೂರಾರು ಮಕ್ಕಳ ಕಿರುಚಾಟ ತಗಡಿನ ಛಾವಣಿಗೆ ಬಡಿದು ತಲೆಯ ಮೇಲೇ ಬೀಳುತ್ತಿತ್ತು. ಹೆಂಡತಿ ಮೂರನೇ ಸಾಲಿನ ತುದಿಯಲ್ಲಿ ಹಸಿರು ಶಾಲು ಹೊದ್ದು ಕೂತಳು. ಮಗಳಿಗೆ ಆ ಜಾಗ ತೋರಿಸಿ, "ಇಲ್ಲೇ ಇರ್ತೀನಿ" ಎಂದಳು.

ಮೊದಲ ಕುಸ್ತಿಯನ್ನು ಮೂಟೆ ಒಂದೂವರೆ ನಿಮಿಷದಲ್ಲಿ ಮುಗಿಸಿದಳು. ಅಪ್ಪ ಎಂದಿನಂತೆ ಮ್ಯಾಟಿನ ಅಂಚಿನಲ್ಲಿ ನಿಂತು ಅರಚಿದ: "ಕಾಲು ಹಿಡಿಯೇ ಕತ್ತೆ! ನಿದ್ದೆ ಮಾಡ್ತಿದ್ದೀಯಾ?" ಅವಳ ಕೋಚು, ಕೊರಳಲ್ಲಿ ಸದಾ ಸೀಟಿ ಕಟ್ಟಿಕೊಂಡ ಪೀಪಿ ಮೇಷ್ಟ್ರು, "ಸ್ವಾಮೀ, ಇಲ್ಲಿ ನಾನಾ ಕೋಚು, ನೀವಾ?" ಎಂದು ನಕ್ಕರು. ಎರಡನೆಯ ಕುಸ್ತಿಯಲ್ಲಿ ಎದುರಾಳಿ ಗಟ್ಟಿಗಿತ್ತಿ. ಕೊನೆಯ ಗಳಿಗೆಯಲ್ಲಿ ಒಂದು ಪಟ್ಟಿನಲ್ಲಿ ಗೆದ್ದಳು. ಉಳಿದದ್ದು ಒಂದೇ, ಕೊನೆಯದು.

ಅವನು ತಲೆಯೆತ್ತಿ ನೋಡಿದಾಗ ಹೆಂಡತಿ ಎದ್ದು ನಿಂತಿದ್ದಳು. ಏನಿಲ್ಲ ಎನ್ನುವಂತೆ ಕೈಯಾಡಿಸಿ, ಕಂಬಿ ಹಿಡಿದು ಬಾಗಿಲ ಕಡೆ ಹೋದಳು.

ಅವನು ಹೋಗುವಷ್ಟರಲ್ಲಿ ಅವಳು ಹೊರ ಓಣಿಯ ಕೈತೊಳೆಯುವ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ತೊಟ್ಟಿಯ ತುಂಬ ಕೆಂಪು. ಔಷಧ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ದಾದಿ ಓಡಿ ಬಂದು, ನಾಡಿ ಹಿಡಿದು, ಅವನನ್ನು ಕೇಳದೆಯೇ ಆಂಬುಲೆನ್ಸಿಗೆ ಫೋನು ಮಾಡಿದಳು.

"ಒಳಗೆ ಹೋಗಿ" ಎಂದಳು ಹೆಂಡತಿ. ತುಟಿ ಬಿಳಿಚಿತ್ತು. "ಅವಳು ಮೇಲೆ ನೋಡ್ತಾಳೆ. ಆ ಜಾಗ ಖಾಲಿ ಕಾಣಬಾರದು. ನೀವು ಕೂತ್ಕೊಳ್ಳಿ."

"ನಿನ್ನ ಇಲ್ಲಿ ಬಿಟ್ಟು ಹೋಗಲಾ? ತಲೆ ಕೆಟ್ಟಿದ್ಯಾ?"

"ನಾಲ್ಕು ನಿಮಿಷದ ಕುಸ್ತಿ ರೀ. ನಾಲ್ಕು ನಿಮಿಷ ನನಗೆ ಕೊಡಿ. ಆಮೇಲೆ ಹಿಂದೆ ಬನ್ನಿ."

"ನಾನಿರ್ತೀನಿ, ಹೋಗಿ" ಎಂದಳು ದಾದಿ, ಅವನ ಮುಖ ನೋಡದೆ.

ಅವನು ಹೋದ. ಜೀವಮಾನದಲ್ಲಿ ಅವಳು ಹೇಳಿದ್ದನ್ನು ಎದುರಾಡದೆ ಕೇಳಿದ್ದು ಎರಡೇ ಸಲ, ಎರಡೂ ಈ ವಾರದಲ್ಲೇ. ಹಸಿರು ಶಾಲು ಬೆಂಚಿನ ಮೇಲೇ ಇತ್ತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ.

ಕೆಳಗೆ ಮೂಟೆ ಕೆಂಪು ಉಡುಪಿನಲ್ಲಿ ಆಗಲೇ ಇಳಿದಿದ್ದಳು. ಹಿಡಿತ ಬಿಗಿಯಾಗಿತ್ತು. ಎರಡು ಅಂಕ. ಮತ್ತೆ ಎರಡು. ಪೀಪಿ ಮೇಷ್ಟ್ರು ಕುಣಿಯುತ್ತಿದ್ದರು. ಹಾಸ್ಟೆಲಿಗೆ ಆಯ್ಕೆ ಮಾಡುವ ಇಬ್ಬರು ಮೇಜಿನ ಮೇಲೆ ಬಗ್ಗಿ ಏನೋ ಬರೆದುಕೊಂಡರು. ಅವನು ಮನಸ್ಸಿನಲ್ಲೇ ಸೆಕೆಂಡು ಎಣಿಸುತ್ತಿದ್ದ, ಕುಸ್ತಿಯದೋ ಆಂಬುಲೆನ್ಸಿನದೋ ಅವನಿಗೇ ತಿಳಿಯದು. ಮೊದಲ ಎರಡು ನಿಮಿಷ ಮುಗಿದು ಸೀಟಿ ಊದಿದರು. ಅರ್ಧ ನಿಮಿಷ ಬಿಡುವು.

ಮೂಟೆ ನೀರು ಬಾಯಿಗೆ ಸುರಿದುಕೊಳ್ಳುತ್ತ ಮೇಲೆ ನೋಡಿದಳು. ಅಮ್ಮನ ಜಾಗದಲ್ಲಿ ಅಪ್ಪ ಕೂತಿದ್ದ.

ಅವನು ನಕ್ಕ. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದ. "ಚೆನ್ನಾಗಿ ಆಡ್ದೆ ಮಗಳೇ!" ಎಂದು ಕೂಗಿದ.

ಬಾಟಲಿ ಅವಳ ತುಟಿಯ ಹತ್ತಿರವೇ ನಿಂತಿತು. ಕುಸ್ತಿಯ ನಡುವೆ ಅಪ್ಪ ಅವಳನ್ನು ಕತ್ತೆ ಎಂದಿದ್ದ, ಕೋಣ ಎಂದಿದ್ದ, ಅನ್ನ ದಂಡ ಎಂದಿದ್ದ. ಮಗಳೇ ಎಂದಿರಲಿಲ್ಲ. ಅವಳು ಅವನ ಮುಖ ನೋಡಿದಳು, ತೊಡೆಯ ಮೇಲಿನ ಶಾಲು ನೋಡಿದಳು. ಬಾಟಲಿಯನ್ನು ನೆಲಕ್ಕಿಟ್ಟಳು.

"ಎಲ್ಲಿಗೇ? ಹತ್ತು ಸೆಕೆಂಡ್ ಇದೆ, ಬಾರೇ ಈ ಕಡೆ!" ಎಂದರು ಪೀಪಿ ಮೇಷ್ಟ್ರು.

ಮೂಟೆ ಮ್ಯಾಟಿನಿಂದ ಇಳಿದಳು. ಮೊದಲು ನಡೆದಳು, ಆಮೇಲೆ ಜೋರು ಹೆಜ್ಜೆ ಹಾಕಿದಳು. ಆಯ್ಕೆಯವರ ಮೇಜಿನ ಮುಂದಿನಿಂದಲೇ ಹಾದುಹೋದಳು. ಅಪ್ಪ ಎದ್ದು ನಿಂತ. ಬಾಯಿ ತೆರೆದ. ಬಾ ಎನ್ನಬೇಕೋ ಓಡು ಎನ್ನಬೇಕೋ ಅವನಿಗೆ ತೋಚಲಿಲ್ಲ. ಅವಳು ಓಣಿಯ ಬಾಗಿಲನ್ನು ಭುಜದಿಂದ ತಳ್ಳಿ ಹೊರಟುಹೋದಳು.

ತೀರ್ಪುಗಾರ ಅವಳ ನಂಬರು ಕೂಗಿದ. ಇನ್ನೊಮ್ಮೆ ಕೂಗಿದ. ನೀಲಿ ಉಡುಪಿನ ಹುಡುಗಿ ಏನಾಯಿತೆಂದು ತಿಳಿಯದೆ ಸುತ್ತಲೂ ನೋಡುತ್ತಿದ್ದಳು. ಮೂರನೆಯ ಸಲ ಕೂಗಿದ ಮೇಲೆ ಆ ಹುಡುಗಿಯ ಕೈಯನ್ನೇ ಹಿಡಿದು ಮೇಲೆತ್ತಿದರು.

ಮೂಟೆ ತಿರುಗಿ ಬರಲಿಲ್ಲ.