ಯಾರ ವ್ಯಾಪ್ತಿಗೂ ಸೇರದವನು

ಮೂರನೇ ಸಲವೂ ಅರ್ಜಿ ವಾಪಸ್ ಬಂತು. ಅರಬರ ನಾಡಿನ ನಿಜ್ವಾ ಪಟ್ಟಣದ ಟೈಪಿಂಗ್ ಅಂಗಡಿಯಲ್ಲಿ ಅರಬಿ ಅರ್ಜಿಗಳನ್ನು ಬರೆದುಕೊಡುವ ಇಬ್ರಾಹಿಂ ಕಾಕ ಅದನ್ನು ಓದಿ, ತಾವೇ ತಪ್ಪು ಮಾಡಿದವರಂತೆ ಮೆಲ್ಲಗೆ ಹೇಳಿದರು: "ಅದೇ ಹಾಡು ಫರ್ಝಾನಾ. ಈ ಕೋರ್ಟಿಗೆ ವ್ಯಾಪ್ತಿ ಇಲ್ಲವಂತೆ."

ವ್ಯಾಪ್ತಿಯಂತೆ ವ್ಯಾಪ್ತಿ! ಅವಳ ಗಂಡ ಶರ್ಫುದ್ದೀನನ ಶಿಕ್ಷೆ ಕಳೆದ ರಂಝಾನಿಗೇ ಮುಗಿದಿತ್ತು. ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲ್ ಕೊಟ್ಟ ದೂರಿನ ಮೇಲೆ ಒಳಗೆ ಹೋದವನು, ಹೇಳಿದಷ್ಟು ಕಾಲ ತುಟಿ ಪಿಟಕ್ಕೆನ್ನದೆ ಕೂತು ಮುಗಿಸಿದ್ದ. ಇನ್ನಾದರೂ ಬಿಡಿ ಎಂದರೆ, ಶಿಕ್ಷೆ ಕೊಟ್ಟ ದೂರದ ಕೋರ್ಟು 'ಅವನು ನಮ್ಮ ಕಡೆಯ ಜೈಲಿನಲ್ಲಿಲ್ಲ' ಎಂದು ಕೈತೊಳೆದುಕೊಂಡಿತು. ಜೈಲಿರುವ ಕಡೆಯ ಕೋರ್ಟು 'ಶಿಕ್ಷೆ ಕೊಟ್ಟವರು ನಾವಲ್ಲ' ಎಂದಿತು. ನಡುವೆ ಒಬ್ಬ ಮನುಷ್ಯ ಕೊಳೆಯುತ್ತಿದ್ದಾನೆ ಎಂಬುದು ಯಾವ ಆದೇಶದಲ್ಲೂ ಇರಲಿಲ್ಲ.

ಫರ್ಝಾನಾಳ ಹೊಟ್ಟೆ ಹೆಚ್ಚು ಉರಿಯುತ್ತಿದ್ದುದು ಇನ್ನೊಂದಕ್ಕೆ. ಅವನನ್ನು ಇತ್ತ ತರಿಸಿಕೊಂಡವಳು ಅವಳೇ. ಮಗಳು ಸುಹೈಲಾ ಅಪ್ಪನ ಮುಖ ಕಾಣದೆ ಊಟ ಬಿಟ್ಟಾಗ, ಕಂಡಕಂಡವರ ಕಾಲು ಹಿಡಿದು ಹತ್ತಿರದ ಜೈಲಿಗೆ ವರ್ಗ ಮಾಡಿಸಿದ್ದಳು. ಗಾಜಿನಾಚೆಯಿಂದ ಶರ್ಫುದ್ದೀನ್ ಮಗಳಿಗೆ ಕೈಬೀಸಿದ ದಿನ ಗೆದ್ದೆನೆಂದುಕೊಂಡಿದ್ದಳು. ಈಗ ಎರಡೂ ಕೋರ್ಟಿಗೆ ಅದೇ ವರ್ಗಾವಣೆ ನೆಪವಾಗಿತ್ತು.

"ವಾಪಸ್ ಆ ದೂರದ ಜೈಲಿಗೇ ಕಳಿಸ್ಲಿ ಕಾಕ. ನಮಗೆ ನೋಡ್ಲಿಕ್ಕೆ ಸಿಗದಿದ್ರೂ ಅಡ್ಡಿಯಿಲ್ಲ. ಆಗ ಆ ಕೋರ್ಟಿಗೆ ಹೇಳ್ಲಿಕ್ಕೆ ಎಂತ ಉಂಟು?"

ಮರುದಿನ ಇಬ್ಬರೂ ಜೈಲಿನ ಕಚೇರಿಗೆ ಹೋದರು. ಅಧಿಕಾರಿ ಮರ್ಯಾದಸ್ಥ. ಏಲಕ್ಕಿ ಹಾಕಿದ ಕಹ್ವಾ ಕಾಫಿ ಕೊಟ್ಟ, ಖರ್ಜೂರದ ತಟ್ಟೆ ಮುಂದಿಟ್ಟ. ಆಮೇಲೆ ಕಂಪ್ಯೂಟರ್ ನೋಡಿ ಅರಬಿಯಲ್ಲಿ ಏನೋ ಹೇಳಿದ. ಕಾಕನ ಮುಖ ಕಪ್ಪಿಟ್ಟಿತು.

"ಎಂತ ಅಂತೆ?"

"ವರ್ಗ ಮಾಡುದು ಶಿಕ್ಷೆ ಅನುಭವಿಸುವ ಕೈದಿಗಳನ್ನು ಮಾತ್ರ ಅಂತೆ. ಇವನದ್ದು ಮುಗಿದಾಗಿದೆ. ಹಾಗಾಗಿ ಇವ ಕೈದಿಯೇ ಅಲ್ಲ ಅಂತೆ."

ಫರ್ಝಾನಾ ಕಹ್ವಾದ ಬಟ್ಟಲು ಕುಕ್ಕಿದಳು. "ಕೈದಿ ಅಲ್ಲದಿದ್ರೆ ಬಾಗಿಲು ತೆಗೀಲಿಕ್ಕೆ ಹೇಳಿ. ಈಗಲೇ ಮನೆಗೆ ಕರ್ಕೊಂಡು ಹೋಗ್ತೇನೆ."

ಅಧಿಕಾರಿ ಎದೆಯ ಮೇಲೆ ಕೈಯಿಟ್ಟು ವಿಷಾದ ತೋರಿಸಿದ. ಬಾಗಿಲು ತೆಗೆಯುವ ಅಧಿಕಾರ ತನಗಿಲ್ಲ, ಕೋರ್ಟಿನ ಆದೇಶ ಬೇಕು ಎಂದ.

"ಯಾವ ಕೋರ್ಟಿಂದು?"

ಅದನ್ನು ಹೇಳುವ ಅಧಿಕಾರವೂ ಅವನಿಗಿರಲಿಲ್ಲ.

ಅಷ್ಟು ದಿನ ತಲೆತಗ್ಗಿಸಿ ಬೇಡಿದ್ದು ಸಾಕಾಗಿತ್ತು. ಅವಳು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಳು. "ಅಧಿಕಾರ ಇರುವವರು ಬರುವವರೆಗೆ ನಾನು ಇಲ್ಲಿಂದ ಏಳುದಿಲ್ಲ. ಒಂದಕ್ಷರ ಬಿಡದೆ ಹೇಳಿ ಕಾಕ."

ಕಾಕ ಹೇಳಿದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಖರ್ಜೂರದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಅವಳನ್ನು ಎಬ್ಬಿಸಿ ಹೊರಗೆ ಹಾಕುವ ಅಧಿಕಾರ ಮಾತ್ರ ಅವನಿಗಿತ್ತು, ಅದಕ್ಕೆ ಯಾವ ಕೋರ್ಟನ್ನೂ ಕೇಳಬೇಕಾಗಿರಲಿಲ್ಲ. ಅವನು ಗಂಟೆ ಒತ್ತಿದ.